ಬಿಜಲಿಗೆ ಮನೆ ನೋಡಿದ್ದು

ಮುದಿಯಾದ ಎತ್ತನ್ನು ನೀವು ಏನು ಮಾಡುತ್ತೀರಿ? ಸುಳ್ಳು ಹೇಳಬೇಡಿ. ಸಂತೆಗೆ ಹೊಡೆದುಕೊಂಡು ಹೋಗುತ್ತೀರಿ. ಮೊದಲು ಕೇಳಿದವನ ಕೈಗೆ ಹಗ್ಗ ಕೊಟ್ಟು, ತಿರುಗಿ ನೋಡದೆ ಊರಿನ ದಾರಿ ಹಿಡಿಯುತ್ತೀರಿ. ಆಮೇಲೆ ಅದು ಇರುವ ಊರಿನಲ್ಲಿ ಏನಾದರೂ ಕೆಲಸ ಬಿದ್ದರೂ ಆ ಓಣಿ ತಪ್ಪಿಸಿಕೊಂಡು ಹೋಗುತ್ತೀರಿ. ಯಾಕೆ? ಅದರ ಮುಖ ನೋಡುವ ಧೈರ್ಯ ನಿಮಗಿಲ್ಲ. ಸಿಟ್ಟು ಮಾಡಿಕೊಳ್ಳಬೇಡಿ, ನಾನು ಕಂಡದ್ದನ್ನೇ ಹೇಳುತ್ತಿದ್ದೇನೆ.

ಈ ಕಥೆ ಎತ್ತಿನದಲ್ಲ, ಒಂದು ಕುದುರೆಯದು. ಆದರೆ ಎತ್ತು ಇರುವವರೂ ಕೇಳಬೇಕು, ಎಮ್ಮೆ ಇರುವವರೂ ಕೇಳಬೇಕು.

ಪೆದ್ದಕಡುಬೂರಿನ ಪಕೀರಪ್ಪ ಮದ್ರಾಸಿನಲ್ಲಿ ರೇಸ್ ಕುದುರೆಗಳ ಲಾಯದಲ್ಲಿ ಕೆಲಸಕ್ಕಿದ್ದ. ಮೈ ತಿಕ್ಕುವುದು, ಮೇವು ಹಾಕುವುದು, ಬೆಳಗ್ಗೆ ಎದ್ದು ಅಡ್ಡಾಡಿಸುವುದು ಅವನ ಕೆಲಸ. ಆಂಧ್ರ ರಾಜ್ಯಕ್ಕೆ ಕರ್ನೂಲು ರಾಜಧಾನಿಯಾದ ಮರುವರ್ಷ, ಮುಂಗಾರಿಗೆ ಇನ್ನೂ ಬಹಳ ದಿನ ಇರುವಾಗಲೇ, ಅವನು ಆ ಕೆಲಸ ಬಿಟ್ಟು ಗೂಡ್ಸ್ ರೈಲಿನಲ್ಲಿ ಬಂದು ಆದೋನಿಯಲ್ಲಿ ಇಳಿದ. ಕೈಯಲ್ಲಿ ಹಗ್ಗ, ಹಗ್ಗದ ಆ ತುದಿಯಲ್ಲಿ ಎತ್ತರದ ಒಂದು ಹೆಣ್ಣು ಕುದುರೆ. ಹುಣಸೆಬೀಜದಂಥ ಬಣ್ಣ. ಹೆಸರು ಬಿಜಲಿ. ಮುಂಗಾಲು ಕುಂಟುತ್ತಿತ್ತು. ಇಬ್ಬರೂ ನಡೆದುಕೊಂಡೇ ಊರು ಮುಟ್ಟಿದರು.

ಅವನ ಹೆಂಡತಿ ಉಚ್ಚಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಇದ್ಯಾರು?"

"ಬಿಜಲಿ."

"ಓಹೋ, ಈಕೀನಾ! ಊರಿಗೆ ಬಂದಾಗೆಲ್ಲ ಬಿಜಲಿ ಹಂಗ, ಬಿಜಲಿ ಹಿಂಗ ಅಂತಿದ್ದಿ. ಕಡೀಕ ಸವತೀನ ಮನಿಗೇ ಕರಕೊಂಡು ಬಂದಿ ಅನ್ನು."

ಪಕೀರಪ್ಪ ನಗಲಿಲ್ಲ. "ಕಾಲಿನ ನರ ಹರದೈತಿ. ಇನ್ನ ಓಡಂಗಿಲ್ಲ. ಸಾಹೇಬ್ರು ಗುಂಡು ಹಾಕ್ರಿ ಅಂದ್ರು. ನಾ ಕಾಲಿಗೆ ಬಿದ್ದು ಬಿಡಿಸ್ಕೊಂಡು ಬಂದೆ. ಚಲೋ ಮನಿ ನೋಡಿ ಕೊಡ್ತೀನಂತ ಮಾತು ಕೊಟ್ಟೀನಿ."

"ಯಾರಿಗೆ? ಸಾಹೇಬರಿಗೇನು?"

"ಅವರು ಯಾಕ ಕೇಳ್ತಾರ? ಆಕಿಗೆ ಕೊಟ್ಟೀನಿ," ಎಂದು ಪಕೀರಪ್ಪ ಕುದುರೆಯ ಕಡೆ ಕೈ ಮಾಡಿದ.

ಉಚ್ಚಮ್ಮ ಒಳಗೆ ಹೋಗಿ ಒಂದು ಗಡಿಗೆ ನೀರು ತಂದು ಸವತಿಯ ಮುಂದೆ ಇಟ್ಟಳು.

ಆದರೆ ಇಟ್ಟುಕೊಳ್ಳುವುದು ಎಲ್ಲಿ? ಇವರದು ಒಂದೇ ಅಂಕಣದ ಮನೆ. ಹೊಲವಿಲ್ಲ, ಮೇವಿಲ್ಲ, ಇಬ್ಬರೂ ಕೂಲಿಗೆ ಹೋದರೆ ಒಲೆ ಹತ್ತಬೇಕು. ಬಿಜಲಿಗೆ ಬೇಗ ಒಂದು ಮನೆ ಸಿಗಲೇಬೇಕಿತ್ತು.

ನೋಡಲು ಜನ ಬಂದರು. ಬಂದವರೆಲ್ಲ ಕಾಲು ನೋಡಲಿಲ್ಲ, ಹಲ್ಲು ನೋಡಲಿಲ್ಲ, ಸುಳಿ ನೋಡಿದರು! ನಮ್ಮ ಕಡೆ ಎತ್ತಾಗಲಿ ಕುದುರೆಯಾಗಲಿ ಕಟ್ಟುವ ಮೊದಲು ಮೈಮೇಲಿನ ಸುಳಿ ನೋಡುವುದು ಹಿಂದಿನಿಂದ ಬಂದ ರೂಢಿ. ಬಿಜಲಿಯ ಬಲಗಣ್ಣಿನ ಕೆಳಗೆ ಕೂದಲು ಸುತ್ತಿಕೊಂಡು ಒಂದು ಸಣ್ಣ ಸುಳಿ ಇತ್ತು. ಅದಕ್ಕೆ ಕಣ್ಣೀರ ಸುಳಿ ಅನ್ನುತ್ತಾರೆ. ಅಂಥ ಪ್ರಾಣಿ ಕಟ್ಟಿದ ಮನೆಯಲ್ಲಿ ಅಳು ತಪ್ಪದು ಅಂತ ಮಾತು. ಬಂದವರು ಥಟ್ಟನೆ ಹಿಂದೆ ಸರಿದರು. ಆದೋನಿಯಲ್ಲಿ ಜಟಕಾ ಹೊಡೆಯುವ ದಸ್ತಗಿರಿ ಒಬ್ಬನೇ ಕಾಲು ಮುಟ್ಟಿ ನೋಡಿ, "ಸುಳಿ ಬಿಡು ಭಾಯಿ. ಈ ಕಾಲು ನನ್ನ ಜಟಕಾಕ್ಕ ನಿಲ್ಲಂಗಿಲ್ಲ. ಕಟ್ಟಿದ್ರ ಪಾಪ ಬರ್ತೈತಿ," ಎಂದು ಖರೆ ಹೇಳಿ ಹೋದ.

ಆಗ ಬಂದವರು ಕೌತಾಳದ ದೊಡ್ಡಮನೆ ಯರ್ರೆಪ್ಪ. ಕಲ್ಲಿನ ಮನೆ, ಆಳೆತ್ತರದ ಬಾಗಿಲು, ತಲೆಗೆ ಜರಿ ರುಮಾಲು.

"ಎಷ್ಟು ರೇಸ್ ಗೆದ್ದೈತಿ?" ಅಂತ ಕೇಳಿದರು.

ಪಕೀರಪ್ಪ ಎದೆ ಉಬ್ಬಿಸಿ ಹೇಳಿದ.

"ಶಾಬಾಸ್! ನಮ್ಮ ತಮ್ಮನ ಮಗನ ಲಗ್ನ ಐತಿ. ಮದುಮಗ ರೇಸಿನ ಕುದುರಿ ಮ್ಯಾಗ ಬಂದ್ರ ಸುತ್ತ ಹಳ್ಳ್ಯಾಗ ನಮ್ಮ ಸಮ ಯಾರು?"

"ಗೌಡ್ರ, ಒಂದು ಸುಳಿ ಐತಿ..." ಎಂದು ಪಕೀರಪ್ಪ ಮೆಲ್ಲಗೆ ಹೇಳಿದ.

"ಪರವಾಲೇದು. ಮುಖಕ್ಕ ಬೆಳ್ಳಿ ಪಟ್ಟಿ ಕಟ್ಟಿದ್ರ ಯಾರಿಗೆ ಕಾಣ್ತೈತಿ?"

ಪಕೀರಪ್ಪನಿಗೆ ಖುಷಿಯೋ ಖುಷಿ. ಅವನ ಮನಸ್ಸಿನಲ್ಲಿ ಬಿಜಲಿ ರಾಣಿ. ರಾಣಿ ಇರಬೇಕಾದದ್ದು ದೊಡ್ಡಮನೆಯಲ್ಲೇ ತಾನೆ?

ಉಚ್ಚಮ್ಮ ಅವನನ್ನು ಹಿತ್ತಲಿಗೆ ಕರೆದಳು. "ಹೆಣ್ಣು ಕೊಡೋ ಮುಂದ ಮನಿ ನೋಡಾಕ ಹೋಗ್ತೀವಿಲ್ಲ? ಬಾವಿ ಎಲ್ಲೈತಿ, ಸೊಸೆರು ಹೆಂಗದಾರ ಅಂತ ನೋಡ್ತೀವಿಲ್ಲ? ನನ್ನ ಸವತೀನ ಕೊಡೋ ಮನಿ ನಾ ಒಮ್ಮಿ ನೋಡಬ್ಯಾಡೇನು?"

"ಹುಚ್ಚೇನು ನಿನಗ? ಅಂಥಾ ದೊಡ್ಡವರ ಮನೀನ ಪರೀಕ್ಷೆ ಮಾಡಾಕ ನಾವ್ಯಾರು? ಬಾಗಲಾ ನೋಡಿದ್ರ ಗೊತ್ತಾಗ್ತೈತಿ."

"ಬಾಗಲದಾಗ ಕಟ್ಟಂಗಿಲ್ಲ ಅವರು. ಕಟ್ಟೋದು ಹಿತ್ತಲದಾಗ."

"ಸುಮ್ನಿರು ಮಾರಾಯ್ತಿ!"

ಹಗ್ಗ ಕೈ ಬದಲಾಯಿತು. ಬಿಜಲಿ ಓಣಿ ತಿರುಗುವತನಕ ಹಿಂದೆ ನೋಡುತ್ತಲೇ ಹೋಯಿತು. ಪಕೀರಪ್ಪ ಒಳಗೆ ಹೋಗಿ ಕಂಬಳಿ ಹೊದ್ದು ಮಲಗಿದ. ಆಮೇಲೆ ಕೌತಾಳದ ಕಡೆ ಕೂಲಿ ಸಿಕ್ಕರೂ ಅವನು ಹೋಗಲಿಲ್ಲ. "ಚಲೋ ಅದಾಳ, ನನಗೇನು ಚಿಂತಿ," ಅನ್ನುತ್ತಿದ್ದ. ನೋಡಿ ಬಂದಿದ್ದನೇ? ಇಲ್ಲ.

ಲಗ್ನದ ಸಂಜೆ ಮದುಮಗ ಬಿಜಲಿಯ ಮೇಲೆ ಕೂತ. ಬೆನ್ನ ಮೇಲೆ ಜರಿ ಹಾಸು, ಮುಖಕ್ಕೆ ಬೆಳ್ಳಿ ಪಟ್ಟಿ. ಮುಂದೆ ಬ್ಯಾಂಡು, ಹಿಂದೆ ಜನ. ಎಲ್ಲಾ ಸರಿ ಇತ್ತು. ಯಾರೋ ಒಬ್ಬ ಮಹಾರಾಯ ಕಾಲ ಬುಡದಲ್ಲೇ ಗರ್ನಾಲು ಹಚ್ಚಿದ. ಢಂ ಅಂತು, ಜನ ಹೋ ಅಂದರು. ಬಿಜಲಿಗೆ ಗೊತ್ತಿದ್ದದ್ದು ಒಂದೇ: ಜನ ಹೋ ಅಂದರೆ ಓಡಬೇಕು. ಓಡಿತು! ಮದುಮಗ ಜಾಲಿ ಬೇಲಿಯೊಳಗೆ ಬಿದ್ದ. ಕೈ ಮುರಿಯಿತು. ಅವನ ತಾಯಿ ಎದೆ ಬಡಿದುಕೊಂಡು ಅತ್ತಳು.

"ನೋಡ್ರಿ, ಕಣ್ಣೀರ ಸುಳಿ! ಮನಿಯಾಗ ಅಳು ತಂತು!" ಎಂದು ಊರೆಲ್ಲ ಕೂಗಿತು. ಗರ್ನಾಲು ಹಚ್ಚಿದವನೂ ಕೂಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕೆಲವು ದಿನಕ್ಕೆ ಯರ್ರೆಪ್ಪನವರ ಆಳು ಪೆದ್ದಕಡುಬೂರಿಗೆ ಬಂದ. "ಕುದುರಿ ಒಯ್ಯಬೇಕಂತ. ಇಲ್ಲಾಂದ್ರ ಸೋಮವಾರ ಸುಣ್ಣದ ಗಾಣಕ್ಕ ಕೊಡ್ತಾರಂತ."

ಸುಣ್ಣದ ಗಾಣ ಗೊತ್ತಲ್ಲ? ಕಣ್ಣಿಗೆ ಬಟ್ಟೆ ಕಟ್ಟಿ, ಕಲ್ಲಿನ ಗಾಲಿ ಎಳೆಸುತ್ತ, ಸುತ್ತಿದಲ್ಲೇ ಸುತ್ತಿಸುತ್ತಾರೆ. ಹರಿದ ನರದ ಕಾಲಿಗೆ ಅದು ಮರಣವೇ.

ಪಕೀರಪ್ಪ ತಲೆ ಮೇಲೆ ಕೈ ಹೊತ್ತು ಕೂತ. "ಈಗ ಯಾರು ತಗೊಂತಾರ ಆಕಿನ್ನ? ಸುಳಿ ಸುದ್ದಿ ಎಲ್ಲಾ ಕಡೆ ಹಬ್ಬೈತಿ. ಅವತ್ತ ಗುಂಡು ಹಾಕಿದ್ರ ಒಂದು ನಿಮಿಷದಾಗ ಮುಗೀತಿತ್ತು..."

"ಬಾಯಿ ಮುಚ್ಚು!" ಎಂದಳು ಉಚ್ಚಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮಾತು ಕೊಟ್ಟಾಂವ ನೀನು. ಮಾತು ಉಳಸಾಕಿ ನಾನು. ಏಳು."

ಗಂಡ ಹೆಂಡತಿ ಕೌತಾಳಕ್ಕೆ ಹೋದರು. ಉಚ್ಚಮ್ಮ ದೊಡ್ಡ ಬಾಗಿಲಿನಿಂದ ಹೋಗಲೇ ಇಲ್ಲ, ನೇರ ಹಿತ್ತಲಿಗೆ ನಡೆದಳು. ಮೊದಲು ಎತ್ತುಗಳ ಹೆಗಲು ನೋಡಿದಳು. ನೊಗ ತಿಂದು ಹುಣ್ಣಾಗಿ ನೊಣ ಮುತ್ತಿದ್ದವು. ನೀರು ಕುಡಿಸುವ ಕಲ್ಲಿನ ಬಾನಿಯೊಳಗೆ ಕೈ ಹಾಕಿದಳು. ತಳದಲ್ಲಿ ಪಾಚಿ. ಅತ್ತ ಮೂಲೆಯ ಕೋಣೆಯಲ್ಲಿ, ಮಾತಿಗೂ ಮುಖಕ್ಕೂ ಒಂದು ಜೀವವಿಲ್ಲದ ಕಡೆ, ಬಿಜಲಿಯನ್ನು ಒಂಟಿಯಾಗಿ ಕಟ್ಟಿದ್ದರು. ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ತೂಗಾಡುತ್ತ ನಿಂತಿತ್ತು. ಕಂಬವನ್ನು ಕಚ್ಚಿ ಕಚ್ಚಿ ಸವೆಸಿತ್ತು. ಮುಂದೆ ನೆನೆಸಿದ ಹತ್ತಿಕಾಳು ಹಾಗೇ ಇತ್ತು. ಪಕ್ಕೆ ಎಲುಬು ಎದ್ದಿದ್ದವು.

ಪಕೀರಪ್ಪ ಅದರ ಕುತ್ತಿಗೆಗೆ ಮುಖ ಒತ್ತಿ ಅತ್ತ. ನಾಚಿಕೆ ಬಿಟ್ಟು ಅತ್ತ.

"ಬಾಗಲಾ ನೋಡಿದ್ಯಲ್ಲ, ಈಗ ಹಿತ್ತಲಾ ನೋಡು," ಎಂದಳು ಉಚ್ಚಮ್ಮ. ಅವಳ ಕಣ್ಣಲ್ಲೂ ನೀರಿತ್ತು. "ಆತು, ಅಳು ಸಾಕು. ಈ ಸಲ ಮನಿ ನಾ ನೋಡ್ತೀನಿ."

ಅಲ್ಲಿಂದ ಹೊಡೆದುಕೊಂಡು ಬಂದದ್ದು ಆದೋನಿಯ ದನದ ಆಸ್ಪತ್ರೆಗೆ. ಅಲ್ಲಿನ ಕಂಪೌಂಡರ್ ಚಂದ್ರಣ್ಣ ಮೈ ಸವರಿ, ಹೊಟ್ಟೆಗೆ ಕಿವಿ ಕೊಟ್ಟು, ಕಾಲು ಎತ್ತಿಸಿ ನೋಡಿದ.

"ಎತ್ತಿಗೆ ಹತ್ತಿಕಾಳು ಹಾಕಿದ್ರ ಬಲ ಬರ್ತೈತಿ ಅಂತ ನಮ್ಮೋರು ಕುದುರಿಗೂ ಹಾಕ್ತಾರ ಅಕ್ಕಾ. ಕುದುರಿ ಹೊಟ್ಟಿ ಬ್ಯಾರೆ. ಹುಲ್ಲು ಮೊದಲು, ಒಂದಿಷ್ಟು ಬೇಯಿಸಿದ ಹುರುಳಿ ಆಮ್ಯಾಲ. ಏನ ಬದಲಿ ಮಾಡಿದ್ರೂ ಮೆಲ್ಲಕ ಮಾಡಬೇಕು. ರೇಸಿನಿಂದ ಬಂದದ್ದಕ್ಕ ಮೊದಲು ಬಿಡುವು ಬೇಕು. ದಿನಾ ಮೆತ್ತಗೆ ಅಡ್ಡಾಡಸ್ರಿ. ಕಾಲು ಗಟ್ಟಿ ಆಗೂತನ ಬೆನ್ನಮ್ಯಾಗ ಏನೂ ಬ್ಯಾಡ."

"ಹಿಂಗ ತೂಗಾಡೋದು ಯಾಕಪ್ಪಾ? ದೆವ್ವ ಹೊಕ್ಕೈತಿ ಅಂತಾರ ಮಂದಿ."

"ದೆವ್ವಕ್ಕ ಬ್ಯಾರೆ ಕೆಲಸ ಇಲ್ಲೇನು? ಪಕೀರಪ್ಪಣ್ಣಾ, ಮದ್ರಾಸಿನ್ಯಾಗ ಈಕಿ ಪಕ್ಕಕ್ಕ ಯಾರಿದ್ರು?"

ಪಕೀರಪ್ಪ ತಲೆ ಕೆರೆದುಕೊಂಡ. "ಆ ಕಡೆ ಈ ಕಡೆ ಕುದುರಿ ಇದ್ವು. ಮತ್ತ ಒಂದು ಮುದಿ ಮೇಕಿ ಇತ್ತು. ಈಕಿ ಕಾಲಾಗ ಮಲಗ್ತಿತ್ತು. ದೊಡ್ಡ ಮನಿಗೆ ಕೊಡೋ ಮುಂದ ಮೇಕಿ ಸುದ್ದಿ ಹೇಳಿದ್ರ ನಗತಾರಂತ ನಾ ಹೇಳಲಿಲ್ಲ."

"ಅದೇ ಕದಾ, ಅದ ನೋಡು!" ಎಂದ ಚಂದ್ರಣ್ಣ. "ಕುದುರಿ ಹಿಂಡಿನ ಜೀವ. ಒಂಟಿ ಕಟ್ಟಿದ್ರ ಕೊರಗತೈತಿ. ಗೋಡಿ ಕಲ್ಲಿಂದೋ ಮಣ್ಣಿಂದೋ ಆಕಿಗೆ ಏನು? ಜೊತಿಗೆ ಒಂದು ಉಸಿರು ಬೇಕು."

"ಮತ್ತ ಸುಳಿ?" ಪಕೀರಪ್ಪ ಅಳುಕುತ್ತ ಕೇಳಿದ.

"ಕೂದಲು ಇದ್ದ ಕಡೆ ಸುಳಿ ಇರ್ತೈತಿ. ನಿನ್ನ ನೆತ್ತಿ ಮ್ಯಾಗೂ ಒಂದಿತ್ತು, ಈಗ ಕೂದಲಿಲ್ಲ ಅಷ್ಟ."

ಉಚ್ಚಮ್ಮ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು.

ಊರು ಹತ್ತಿರ ಬಂದಾಗ ಹಳ್ಳದ ದಂಡೆಯಲ್ಲಿ ಕುರಿ ಹಿಂಡು ನಿಂತಿತ್ತು. ಬಿಜಲಿ ತಟ್ಟನೆ ಕಿವಿ ನಿಮಿರಿಸಿತು. ಹಗ್ಗ ಜಗ್ಗಿಕೊಂಡು ಹೋಗಿ ಹಿಂಡಿನ ನಡುವೆ ನಿಂತೇಬಿಟ್ಟಿತು. ಕುರಿಗಳು ಒಂದಿಷ್ಟು ಸರಿದು ಮತ್ತೆ ಮೇಯತೊಡಗಿದವು. ಬಿಜಲಿ ತಲೆ ಇಳಿಸಿ, ಮೂಗಿನಿಂದ ದೊಡ್ಡ ಉಸಿರು ಬಿಟ್ಟು, ಕಣ್ಣು ಮುಚ್ಚಿತು. ತೂಗಾಟ ನಿಂತಿತ್ತು.

"ಯಾರದವ್ವಾ ಈ ಕುದುರಿ? ನನ್ನ ಮರಿ ತುಳದೀತು!" ಎಂದು ಕೋಲು ಎತ್ತಿ ಬಂದವಳು ಬಸವಕ್ಕ. ಅದೇ ಊರಿನವಳು, ಗಂಡನಿಲ್ಲದವಳು. ಬೇಸಿಗೆಗೆ ಅವಳ ಮಗ ದೊಡ್ಡ ಹಿಂಡು ಹೊಡೆದುಕೊಂಡು ತುಂಗಭದ್ರೆಯ ಕಡೆ ಹೋಗುತ್ತಾನೆ. ಗಬ್ಬದ ಕುರಿ, ಎಳೆ ಮರಿ ಇಟ್ಟುಕೊಂಡು ಇವಳು ಊರಲ್ಲೇ ಇರುತ್ತಾಳೆ.

ಒಂದು ಮರಿ ಬಿಜಲಿಯ ಹೊಟ್ಟೆಯ ಕೆಳಗೆ ನುಸುಳಿತು. ಬಿಜಲಿ ಕಣ್ಣು ತೆರೆದು ನೋಡಿ, ಎತ್ತಿದ್ದ ಕಾಲನ್ನು ಪಕ್ಕಕ್ಕೆ ಇಟ್ಟಿತು. ಬಸವಕ್ಕನ ಕೋಲು ಕೆಳಗಿಳಿಯಿತು.

"ಬುದ್ಧಿವಂತಿ ಅದಾಳ," ಎಂದಳು. "ನನ್ನ ತಟ್ಟು ಕುದುರಿ ಸತ್ತಮ್ಯಾಲ ಈದ ಮರಿಗಳನ್ನ ನಾನ ಹೊತ್ಕೊಂಡು ರೊಪ್ಪಕ್ಕ ಬರ್ತೀನಿ. ಸೊಂಟ ಬಿದ್ದು ಹೋಗೈತಿ."

ಉಚ್ಚಮ್ಮ ಪಕೀರಪ್ಪನ ಮುಖ ನೋಡಿದಳು. ಪಕೀರಪ್ಪ ಮುಖ ತಿರುಗಿಸಿದ.

ಮನೆಗೆ ಬಂದ ಮೇಲೆ ಶುರುವಾಯಿತು. "ಕುರಿ ರೊಪ್ಪದಾಗ ರೇಸಿನ ಕುದುರಿ? ಮದ್ರಾಸಿನ್ಯಾಗ ದೊರೆಗಳು ಆಕಿ ಮೈ ಸವರಿದ್ರು. ಮಂದಿ ನಗತಾರ ನನ್ನ ನೋಡಿ!"

"ನಗಲಿ! ಗುಂಡು ಹಾಕ್ರಿ ಅಂದಾಂವನೂ ದೊರೇನ. ಗಾಣಕ್ಕ ಕೊಡ್ತೀನಿ ಅಂದಾಂವನೂ ದೊರೇನ. ನಿನಗ ಬೇಕಾದದ್ದು ನಿನ್ನ ಮರ್ಯಾದಿನೋ, ಆಕಿ ನೆಮ್ಮದಿನೋ? ಅದನ್ನ ಹೇಳು."

ಪಕೀರಪ್ಪ ಬಿಜಲಿಯ ಕಿವಿಯ ಹಿಂದೆ ತುರಿಸುತ್ತ ನಿಂತ.

"ನನಗೂ ಬಸವಕ್ಕನ ಮ್ಯಾಗ ಕುರುಡು ನಂಬಿಕಿ ಇಲ್ಲ," ಎಂದಳು ಉಚ್ಚಮ್ಮ. "ನಾಳೆ ಮನಿ ನೋಡಾಕ ಹೋಗೂಣು. ಹಿತ್ತಲದಿಂದ."

ಮರುದಿನ ಬಿಜಲಿಯನ್ನೂ ಹೊಡೆದುಕೊಂಡು ಹೇಳದೆ ಕೇಳದೆ ಹೋದರು. ನಾಯಿ ಬೊಗಳಿತು, ಆದರೆ ಬಾಲ ಅಲ್ಲಾಡಿಸುತ್ತ ಬೊಗಳಿತು. ಹೊಡೆತ ತಿಂದ ನಾಯಿ ಹಾಗೆ ಬರುವುದಿಲ್ಲ. ಉಚ್ಚಮ್ಮ ಬಾನಿಯ ತಳ ಮುಟ್ಟಿ ನೋಡಿದಳು, ಕಲ್ಲು ಕೈಗೆ ಸಿಕ್ಕಿತು. ಬೇವಿನ ಮರದ ನೆರಳು ರೊಪ್ಪದ ಅರ್ಧಕ್ಕೆ ಬೀಳುತ್ತಿತ್ತು. ಗೂಟಕ್ಕೆ ಕಂಬಳಿ ಮಡಿಸಿ ದಪ್ಪಗೆ ಹೊಲಿದ ಒಂದು ಹಾಸು ತೂಗುತ್ತಿತ್ತು.

"ಇದು ಯಾರದು?"

"ನನ್ನ ತಟ್ಟಿಂದು. ಬೆನ್ನು ಒತ್ತಬಾರದಂತ ನಾನ ಹೊಲದಿದ್ದೆ. ಮುದುಕಾಗಿ ಸತ್ತಿತು. ಅಗೋ, ಆ ಬೇವಿನ ಬುಡಕ್ಕ ಹೂಳೀನಿ," ಎಂದು ಬಸವಕ್ಕ ಒಂದು ಕಲ್ಲು ತೋರಿಸಿದಳು.

ಉಚ್ಚಮ್ಮ ಆ ಕಲ್ಲಿನ ಮುಂದೆ ಕೈ ಮುಗಿದು ನಿಂತಳು. ಅವಳ ಮನಸ್ಸು ತುಂಬಿ ಬಂತು. ಪಕೀರಪ್ಪ ಮಾತ್ರ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದ.

ಆಗ ಬಸವಕ್ಕನೇ ಅವನ ಮುಂದೆ ಬಂದು ಕೂತಳು. "ಯಣ್ಣಾ, ಕೊಡ್ತಿಯೋ ಬಿಡ್ತಿಯೋ ನಿನಗ ಬಿಟ್ಟದ್ದು. ನನಗ ಕೆಲವು ಮಾತು ಹೇಳು. ಆಕಿ ಏನು ತಿಂತಾಳ? ಯಾವ ಕಾಲು ನೋವು? ಯಾವುದಕ್ಕ ಅಂಜತಾಳ?"

ಪಕೀರಪ್ಪ ತಲೆ ಎತ್ತಿದ. "ಏನಂದಿ?"

"ಯಾವುದಕ್ಕ ಅಂಜತಾಳ ಅಂದೆ. ಗೊತ್ತಿದ್ರ ಅದನ್ನ ಹತ್ತರ ಬಿಡಬಾರದಲ್ಲ?"

ಯರ್ರೆಪ್ಪನವರು ಕೇಳಿದ್ದು ಎಷ್ಟು ರೇಸ್ ಗೆದ್ದಿದೆ ಅಂತ. ಈಕೆ ಕೇಳಿದ್ದು ಯಾವುದಕ್ಕೆ ಅಂಜುತ್ತಾಳೆ ಅಂತ. ಪಕೀರಪ್ಪ ಅವಳ ಹತ್ತಿರ ಸರಿದು ಕೂತ. ಅವನು ಹೇಳತೊಡಗಿದ: ಗದ್ದಲ ಆಗದು, ಗರ್ನಾಲು ಆಗದು, ಒಂಟಿತನ ಆಗದು, ಎಡಗಿವಿಯ ಹಿಂದೆ ತುರಿಸಿದರೆ ಬಹಳ ಇಷ್ಟ. ಕಡೆಗೆ ಸುಳಿಯ ಮಾತನ್ನೂ ಮುಚ್ಚಿಡದೆ ಹೇಳಿದ.

ಬಸವಕ್ಕ ಬಿಜಲಿಯ ಕಣ್ಣಿನ ಕೆಳಗಿನ ಸುಳಿಯನ್ನು ಹೆಬ್ಬೆರಳಿನಿಂದ ಒರೆಸಿದಳು. "ನಮ್ಮೆಜಮಾನ ಹೋದಾಗ ಈ ಮನಿಯಾಗ ಯಾವ ಸುಳಿ ಇತ್ತು? ನಾ ಅತ್ತದ್ದು ಸುಳಿಯಿಂದೇನು? ಹೋಗ್ಲಿ ಬಿಡಣ್ಣಾ. ನನಗ ಬೇಕಾದದ್ದು ಮರಿ ಹೊರೋ ಒಂದು ಬೆನ್ನು, ಆಕಿಗೆ ಬೇಕಾದದ್ದು ಒಂದು ಜೊತಿ."

"ಮರಿ ಹೊರಸೋದು ಈಗ ಅಲ್ಲ. ಕಾಲು ಗಟ್ಟಿ ಆದಮ್ಯಾಲ. ಚಂದ್ರಣ್ಣ ಬಂದು ನೋಡಿ ಹೂಂ ಅನ್ನಬೇಕು," ಎಂದಳು ಉಚ್ಚಮ್ಮ.

"ಆಗಲಿ. ಇಷ್ಟು ದಿನ ನಾ ಹೊತ್ತಿಲ್ಲೇನು?"

"ಮತ್ತ ಒಂದು ಮಾತು. ಈಗ ಕೊಡಂಗಿಲ್ಲ, ಬಿಟ್ಟು ಹೋಗ್ತೀವಿ. ಮುಂಗಾರು ಬರೂತನ ನೋಡೂಣು. ಒಗ್ಗಲಿಲ್ಲಂದ್ರ ತಿರುಗಿ ನಮಗ ಕೊಡಬೇಕು. ಬ್ಯಾರೆಯವರ ಕೈಗೆ ಹಗ್ಗ ಕೊಡಂಗಿಲ್ಲ."

"ಹೂಂ. ಮತ್ತ ನಂದೂ ಒಂದು ಮಾತೈತಿ," ಎಂದಳು ಬಸವಕ್ಕ. "ಬಿಟ್ಟು ಹೋದೋರು ಬಂದು ನೋಡಬೇಕು. ಬರಲಿಲ್ಲಂದ್ರ ನಾ ಬೈತೀನಿ."

ಪಕೀರಪ್ಪ ಬಿಟ್ಟು ಬಂದ. ಆದರೆ ಹೋಗಿ ನೋಡಲು ಕಾಲು ಏಳಲಿಲ್ಲ. ಕೌತಾಳದ ಹಿತ್ತಲು ಕಣ್ಣಿಗೆ ಕಟ್ಟಿತ್ತು. ಇವತ್ತು ನಾಳೆ ಅಂತ ತಳ್ಳಿದ. ಮೊದಲ ಮಳೆ ಬಿದ್ದ ಬೆಳಗ್ಗೆ ಉಚ್ಚಮ್ಮ ಅವನ ಕೈ ಹಿಡಿದು ಎಳೆದುಕೊಂಡೇ ಹೋದಳು.

ಬೇವಿನ ಕೆಳಗೆ ಬಿಜಲಿ ನಿಂತಿತ್ತು. ಪಕ್ಕೆ ತುಂಬಿ ಮೈ ಮಿರಿಮಿರಿ ಮಿಂಚುತ್ತಿತ್ತು. ಎರಡು ಮರಿಗಳು ಅದರ ಮುಂಗಾಲಿಗೆ ಒರಗಿ ಮಲಗಿದ್ದವು. ಪಕೀರಪ್ಪ ಹೆಸರು ಹಿಡಿದು ಕರೆದ. ಬಿಜಲಿ ತಲೆ ಎತ್ತಿ ಅವನನ್ನು ನೋಡಿತು, ಮೆಲ್ಲಗೆ ಒಮ್ಮೆ ಕೆನೆಯಿತು. ಮತ್ತೆ ತಲೆ ಬಗ್ಗಿಸಿ ಹುಲ್ಲು ತಿನ್ನತೊಡಗಿತು.

ಪಕೀರಪ್ಪನ ಮುಖ ಸಣ್ಣದಾಯಿತು. "ನಮ್ಮ ಹತ್ತರ ಬರಲೇ ಇಲ್ಲ ನೋಡು. ನನ್ನ ಮರತಾಳ."

"ಮರತಿಲ್ಲ ಹುಚ್ಚಪ್ಪಾ," ಎಂದಳು ಉಚ್ಚಮ್ಮ. "ತವರಿನವರು ಬಂದಾಗ ಓಡಿ ಬಂದು ಕೊರಳಿಗೆ ಬಿದ್ದು ಅತ್ರ, ಆ ಮಗಳಿಗೆ ಅಲ್ಲಿ ಸುಖ ಇಲ್ಲಂತ. ನಕ್ಕೊಂತ ತನ್ನ ಕೆಲಸ ತಾ ನೋಡಿದ್ರ, ಮನಿ ಚಲೋ ಐತಿ ಅಂತ. ನಿನ್ನ ಮಾತು ಉಳೀತು."

ಪಕೀರಪ್ಪ ರುಮಾಲಿನಿಂದ ಕಣ್ಣು ಒರೆಸಿಕೊಂಡ.

"ಕಣ್ಣೀರ ಸುಳಿ ಸುಳ್ಳಲ್ಲ ಬಿಡವ್ವಾ," ಎಂದು ಬಸವಕ್ಕ ನಕ್ಕಳು. "ಆದ್ರ ಅಳೋದು ಮಾತ್ರ ಇವನೊಬ್ಬನ!"

ಕೇಳಿದಿರಲ್ಲ? ನಿಮ್ಮ ಕೊಟ್ಟಿಗೆಯಲ್ಲೂ ದುಡಿದು ಸಾಕಾದ ಒಂದು ಜೀವ ಇದ್ದೇ ಇರುತ್ತದೆ. ಇಟ್ಟುಕೊಳ್ಳಲು ಆಗದೆ ಹೋದರೆ ತಪ್ಪಲ್ಲ, ಎಲ್ಲರಿಗೂ ಮೇವು ಇರುವುದಿಲ್ಲ. ಆದರೆ ಕೊಡುವ ಮೊದಲು ಮನೆ ನೋಡಿ, ಹಿತ್ತಲಿನಿಂದ ನೋಡಿ. ಅಲ್ಲಿನ ಎತ್ತುಗಳ ಹೆಗಲು ನೋಡಿ, ಬಾನಿಯ ತಳಕ್ಕೆ ಕೈ ಹಾಕಿ. ಪ್ರಾಣಿಯ ನೋವನ್ನೂ ಅಂಜಿಕೆಯನ್ನೂ ಮುಚ್ಚಿಡದೆ ಹೇಳಿ. ಅವರು ಏನು ಕೇಳುತ್ತಾರೆ ಅಂತ ಕಿವಿಗೊಟ್ಟು ಕೇಳಿ. ಸುಳಿ ಕೇಳಬೇಡಿ, ದನದ ಆಸ್ಪತ್ರೆಯಲ್ಲಿ ಕೇಳಿ. ಒಗ್ಗದಿದ್ದರೆ ನಮಗೇ ವಾಪಸ್ಸು ಅಂತ ಮಾತು ತೆಗೆದುಕೊಳ್ಳಿ.

ಇಷ್ಟೂ ಮರೆತರೆ ಒಂದನ್ನಾದರೂ ನೆನಪಿಡಿ. ಹಗ್ಗ ಕೊಡುವಾಗ ನಿಮ್ಮನ್ನೇ ಕೇಳಿಕೊಳ್ಳಿ: ಮುಂದಿನ ಮಳೆಗೆ ನಾನು ಈ ಓಣಿಗೆ ಬಂದು ಇದರ ಮುಖ ನೋಡಬಲ್ಲೆನೇ? ನೋಡಬಲ್ಲೆ ಅಂದರೆ ಕೊಡಿ. ಇಲ್ಲವಾದರೆ ಹಗ್ಗ ಬಿಡಬೇಡಿ, ಇನ್ನೊಂದು ಮನೆ ನೋಡಿ.